ನೈತಿಕತೆ ವಿಕಾಸದಿಂದ ಬಂದದ್ದಾದರೆ ಅದರ ಮಾತು ನಾವೇಕೆ ಕೇಳಬೇಕು?

ತುಂಗಾತೀರ (ತೀರ್ಥಹಳ್ಳಿ):

ವಿಕಾಸವಾದ ಒಪ್ಪುವ ಗೆಳೆಯರ ಬಾಯಲ್ಲಿ ಎರಡು ಮಾತು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಒಂದು, ಪ್ರಕೃತಿಯಲ್ಲಿ ಬಲವಿದ್ದವನು ಉಳಿಯುತ್ತಾನೆ, ಹಾಗಾಗಿ ಸಮಾಜದಲ್ಲೂ ಅದೇ ಸರಿ ಅನ್ನುವುದು. ಇನ್ನೊಂದು ಹೆಚ್ಚು ಓದಿಕೊಂಡವರ ಮಾತು: ಕರುಣೆ, ನ್ಯಾಯ, ಕರ್ತವ್ಯ ಎಲ್ಲವೂ ವಂಶವಾಹಿಗಳ ಉಳಿವಿಗಾಗಿ ನಮ್ಮೊಳಗೆ ಬೆಳೆದ ಏರ್ಪಾಡು, ಅದರಲ್ಲಿ ಸತ್ಯ ಹುಡುಕುವುದು ವ್ಯರ್ಥ. ಇವೆರಡೂ ಬೇಡ, ನೀತಿಗೂ ಜೀವಶಾಸ್ತ್ರಕ್ಕೂ ಸಂಬಂಧವೇ ಇಲ್ಲ ಎಂದು ಕೈತೊಳೆದುಕೊಳ್ಳುವ ಮೂರನೆಯವರೂ ಇದ್ದಾರೆ. ಮೂವರದ್ದೂ ತಪ್ಪು ಎಂದು ನನ್ನ ನಂಬಿಕೆ. ಇಲ್ಲಿ ಓದಿದವರು, ಯೋಚಿಸುವವರು ಇದ್ದೀರಿ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲನೆಯ ಮಾತನ್ನು ಬೇಗ ಮುಗಿಸಬಹುದು. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಧಾರವಾಡದ ಕಾಡಿನಲ್ಲಿ ಮುಸಿಯಗಳ (ಕಪ್ಪು ಮುಖ, ಉದ್ದ ಬಾಲದ ಮಂಗಗಳ) ಅಧ್ಯಯನ ಮಾಡಿದರು. ಹೊರಗಿನ ಗಂಡುಗಳು ಒಂದು ಗುಂಪಿನ ಮೇಲೆ ಬಿದ್ದು, ಹಳೆಯ ಯಜಮಾನನನ್ನು ಓಡಿಸಿ, ಆಮೇಲೆ ಆ ಗುಂಪಿನ ಎಳೆಮರಿಗಳು ಸಾಯುವುದನ್ನು ಅವರು ದಾಖಲಿಸಿದರು. ಮುಂದೆ ಮಾನವಶಾಸ್ತ್ರಜ್ಞೆ ಸಾರಾ ಹರ್ಡಿ ರಾಜಸ್ಥಾನದ ಅಬು ಬೆಟ್ಟದ ಮುಸಿಯಗಳನ್ನು ನೋಡಿ ಕಾರಣ ಕೊಟ್ಟರು. ಹಾಲೂಡಿಸುವ ತಾಯಿ ಬೆದೆಗೆ ಬರುವುದಿಲ್ಲ. ಮರಿ ಸತ್ತರೆ ಬೇಗ ಬರುತ್ತಾಳೆ. ಹೊಸ ಗಂಡಿನ ಸಂತಾನಕ್ಕೆ ಅದರಿಂದ ಲಾಭ. ಇದು ನೈಸರ್ಗಿಕ ಆಯ್ಕೆಯಿಂದ ಬೆಳೆದ ವರ್ತನೆ ಎಂದು ಒಪ್ಪಿಕೊಳ್ಳೋಣ. ಅಷ್ಟಕ್ಕೇ ಶಿಶುಹತ್ಯೆ ಸರಿ ಎಂದು ನಮ್ಮಲ್ಲಿ ಯಾರಾದರೂ ಹೇಳುತ್ತಾರೆಯೇ? 'ಹೀಗಿದೆ' ಎಂಬ ವಾಕ್ಯಗಳನ್ನೇ ಪೋಣಿಸುತ್ತಾ ಹೋದವರು ಸದ್ದಿಲ್ಲದೆ 'ಹೀಗಿರಬೇಕು' ಎಂಬಲ್ಲಿಗೆ ಜಿಗಿದುಬಿಡುತ್ತಾರೆ ಎಂದು ತತ್ವಶಾಸ್ತ್ರಜ್ಞ ಡೇವಿಡ್ ಹ್ಯೂಮ್ ಡಾರ್ವಿನ್ನನಿಗಿಂತ ನೂರು ವರ್ಷ ಮೊದಲೇ ಎಚ್ಚರಿಸಿದ್ದ. ಡಾರ್ವಿನ್ನನ ಪರವಾಗಿ ಊರೂರಲ್ಲಿ ವಾದ ಮಾಡಿದ ಥಾಮಸ್ ಹಕ್ಸ್ಲಿಯೇ 1893ರಲ್ಲಿ ಆಕ್ಸ್‌ಫರ್ಡಿನ ಉಪನ್ಯಾಸದಲ್ಲಿ, ಸಮಾಜದ ನೈತಿಕ ಪ್ರಗತಿ ಪ್ರಕೃತಿಯ ದಾರಿಯನ್ನು ಅನುಕರಿಸುವುದರಿಂದ ಬರುವುದಿಲ್ಲ, ಅದನ್ನು ಎದುರಿಸುವುದರಿಂದ ಬರುತ್ತದೆ ಎಂದ. 'ಬಲಿಷ್ಠರ ಉಳಿವು' ಎಂದು ನಾವು ಹೇಳಿಕೊಂಡು ತಿರುಗುವ ನುಡಿಯ ಮೂಲವೂ ಡಾರ್ವಿನ್ ಅಲ್ಲ. 1864ರಲ್ಲಿ ಅದನ್ನು ಬಳಕೆಗೆ ತಂದವನು ಹರ್ಬರ್ಟ್ ಸ್ಪೆನ್ಸರ್. ಅವನು ಹೇಳಿದ್ದು ಹೊಂದಿಕೊಳ್ಳುವವರ ಉಳಿವಿನ ಬಗ್ಗೆ, ಬಲದ ಬಗ್ಗೆ ಅಲ್ಲ.

ಎರಡನೆಯ ಮಾತು ನಿಜಕ್ಕೂ ಕಷ್ಟದ್ದು. ಡಾರ್ವಿನ್ 1871ರಲ್ಲಿ ನೈತಿಕ ಪ್ರಜ್ಞೆ ಹೇಗೆ ಹುಟ್ಟಿರಬಹುದು ಎಂದು ಬರೆದ. ಗುಂಪಾಗಿ ಬಾಳುವ ಯಾವುದೇ ಪ್ರಾಣಿಗೆ ಸಾಮಾಜಿಕ ಪ್ರವೃತ್ತಿಗಳಿದ್ದು, ಅದರ ಬುದ್ಧಿ ಮನುಷ್ಯನಷ್ಟು ಬೆಳೆದರೆ ಆತ್ಮಸಾಕ್ಷಿಯಂಥದ್ದೊಂದು ಬಂದೇ ತೀರುತ್ತದೆ ಎಂಬುದು ಅವನ ವಾದ. ಅದರ ಜೊತೆಗೇ ಎದೆ ನಡುಗಿಸುವ ಒಂದು ಉದಾಹರಣೆಯನ್ನೂ ಕೊಟ್ಟ. ನಾವು ಜೇನುನೊಣಗಳ ಹಾಗೆ ಬೆಳೆದಿದ್ದರೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ತಮ್ಮ ಅಣ್ಣತಮ್ಮಂದಿರನ್ನು ಕೊಲ್ಲುವುದು ಪವಿತ್ರ ಕರ್ತವ್ಯವಾಗಿ ಕಾಣುತ್ತಿತ್ತು. ಅಂದರೆ ಇವತ್ತು ನನಗೆ ಪವಿತ್ರವಾಗಿ ಕಾಣುವುದು ನನ್ನ ಪ್ರಭೇದದ ಚರಿತ್ರೆಯ ಆಕಸ್ಮಿಕವೇ?

ನನ್ನ ನಿಲುವು ಇಷ್ಟು. ಒಂದು ಭಾವನೆ ಎಲ್ಲಿಂದ ಬಂತು ಎಂದು ತಿಳಿದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಆದರೆ ಯಾವ ಭಾವನೆಯನ್ನು ಎಷ್ಟು ನಂಬಬೇಕು ಎಂದು ಅದರ ಚರಿತ್ರೆಯಿಂದ ಗೊತ್ತಾಗುತ್ತದೆ. ನಮ್ಮವರು, ಹತ್ತಿರದವರು, ತಿರುಗಿ ಕೊಡಬಲ್ಲವರು ಎಂಬ ಸಣ್ಣ ವರ್ತುಲದೊಳಗೆ ಬೆಳೆದ ಭಾವನೆಗಳು ಆ ವರ್ತುಲದ ಹೊರಗಿನವರ ವಿಷಯದಲ್ಲಿ ದಾರಿ ತಪ್ಪಿಸುವ ಸಾಧ್ಯತೆ ಹೆಚ್ಚು. ನೀತಿಶಾಸ್ತ್ರಕ್ಕೆ ವಿಕಾಸವಾದದಿಂದ ಸಿಗುವ ನಿಜವಾದ ಉಪಯೋಗ ಈ ಅನುಮಾನ. ನಿಮಗೆಲ್ಲ ಏನನಿಸುತ್ತದೆ?


ಕಾನುಗದ್ದೆ (ಸೊರಬ):

ತುಂಗಾತೀರ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಎರಡನೆಯ ವಾದದ ಬಲವಾದ ರೂಪವನ್ನು ನೀವು ಮುಟ್ಟಲೇ ಇಲ್ಲ. ನಾನು ಅದೇ ವಾದದ ಕಡೆಯವನು, ಹಾಗಾಗಿ ನಾನೇ ಇಡುತ್ತೇನೆ.

ಶರನ್ ಸ್ಟ್ರೀಟ್ ಎಂಬ ತತ್ವಶಾಸ್ತ್ರಜ್ಞೆ 2006ರಲ್ಲಿ ಇದನ್ನು ಇಕ್ಕಟ್ಟಿನ ರೂಪದಲ್ಲಿ ಇಟ್ಟರು. ನಮ್ಮ ಮನಸ್ಸಿನ ಹೊರಗೆ, ನಾವು ಒಪ್ಪಲಿ ಬಿಡಲಿ, ನೈತಿಕ ಸತ್ಯಗಳು ಇವೆ ಎನ್ನುವವರಿಗೆ ಅವರ ಪ್ರಶ್ನೆ: ನಮ್ಮ ಮೌಲ್ಯಗಳನ್ನು ರೂಪಿಸಿದ ನೈಸರ್ಗಿಕ ಆಯ್ಕೆಗೂ ಆ ಸತ್ಯಗಳಿಗೂ ಸಂಬಂಧ ಇದೆಯೋ ಇಲ್ಲವೋ? ಇಲ್ಲ ಎಂದರೆ ನಮ್ಮ ನಂಬಿಕೆಗಳು ಸತ್ಯದ ಹತ್ತಿರ ಬಂದಿರುವುದು ಬರೀ ಅದೃಷ್ಟ. ಇದೆ ಎಂದರೆ, ಸತ್ಯವನ್ನು ಕಂಡವರೇ ಹೆಚ್ಚು ಉಳಿದರು ಎಂದು ತೋರಿಸಬೇಕು. ವಿಜ್ಞಾನವಾಗಿ ಅದು ನಿಲ್ಲುವುದಿಲ್ಲ, ಏಕೆಂದರೆ ಅದಕ್ಕಿಂತ ಸರಳವಾದ ವಿವರಣೆ ಕೈಯಲ್ಲೇ ಇದೆ.

ಎದುರಿಗೆ ಹುಲಿ ಇದ್ದದ್ದನ್ನು ಹುಲಿ ಎಂದು ಕಂಡವನು ಉಳಿದ, ಕಾಣದವನು ಸತ್ತ. ಇಲ್ಲಿ ಹುಲಿ ನಿಜವಾಗಿ ಇದ್ದದ್ದರಿಂದಲೇ ಕಣ್ಣು ಹಾಗೆ ಬೆಳೆಯಿತು. 'ಮಕ್ಕಳನ್ನು ಸಾಕಬೇಕು' ಎಂಬ ನಂಬಿಕೆ ಹಾಗಲ್ಲ. ಅದನ್ನು ನಂಬಿದವರ ಮಕ್ಕಳು ಬದುಕಿದವು, ಆ ಮಕ್ಕಳಿಗೂ ಆ ನಂಬಿಕೆ ಬಂತು. ಲೋಕದಲ್ಲಿ ಅಂಥ ಕರ್ತವ್ಯ ಎಂಬುದೊಂದು ಇದ್ದರೂ ಈ ಕತೆ ಹೀಗೇ ನಡೆಯುತ್ತಿತ್ತು, ಇಲ್ಲದಿದ್ದರೂ ಹೀಗೇ.

ನೀವು ಸಣ್ಣ ವರ್ತುಲದ ಭಾವನೆಗಳನ್ನಷ್ಟೇ ಅನುಮಾನಿಸುತ್ತೀರಿ. ಅನುಮಾನ ಒಮ್ಮೆ ಒಳಗೆ ಬಂದರೆ ವರ್ತುಲ ದೊಡ್ಡದು ಮಾಡಬೇಕು ಎಂಬ ಆಸೆಯನ್ನು ಮಾತ್ರ ಏಕೆ ಬಿಟ್ಟೀತು?


ಶರಾವತಿ ಕಣಿವೆ (ಸಾಗರ):

ನಿವೃತ್ತ ಶಾಲಾ ಮೇಷ್ಟ್ರು ನಾನು. ತತ್ವಶಾಸ್ತ್ರದ ಪಾರಿಭಾಷಿಕ ಮಾತುಗಳಲ್ಲಿ ನಿಮ್ಮಷ್ಟು ಪಳಗಿಲ್ಲ. ಆದರೆ ನಮ್ಮ ತಾಲ್ಲೂಕಿನಲ್ಲೇ ನಡೆದ ಒಂದು ಸಂಗತಿಯನ್ನು ಈ ಚರ್ಚೆಯ ನಡುವೆ ಇಡಬೇಕು ಅನಿಸುತ್ತಿದೆ.

ಮೊದಲು ಮಂಗನ ಪ್ರಯೋಗ. ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ 2003ರಲ್ಲಿ ಪ್ರಕಟಿಸಿದ್ದು. ಕಪುಚಿನ್ ಮಂಗಗಳು ಒಂದು ಹರಳನ್ನು ಕೊಟ್ಟರೆ ಸೌತೆಕಾಯಿ ತುಂಡು ಸಿಗುತ್ತಿತ್ತು, ಸಂತೋಷವಾಗಿ ತಿನ್ನುತ್ತಿದ್ದವು. ಪಕ್ಕದ ಮಂಗಕ್ಕೆ ಅದೇ ಕೆಲಸಕ್ಕೆ ದ್ರಾಕ್ಷಿ ಸಿಗುವುದನ್ನು ಕಂಡ ಮೇಲೆ ಹಲವು ಮಂಗಗಳು ಸೌತೆಕಾಯಿ ನಿರಾಕರಿಸಿದವು. ಆಮೇಲಿನ ಕೆಲವು ಪ್ರಯೋಗಗಳಲ್ಲಿ ಇದೇ ಫಲಿತಾಂಶ ಸಿಗಲಿಲ್ಲ, ಅರ್ಥೈಸುವುದರಲ್ಲಿ ತಕರಾರಿದೆ. ಇರಲಿ. ಅನ್ಯಾಯ ಕಂಡಾಗ ಹೊಟ್ಟೆಯಲ್ಲಿ ಏಳುವ ಸಂಕಟದ ಬೇರು ಮನುಷ್ಯನಿಗಿಂತ ಹಳೆಯದು ಎಂದು ಒಪ್ಪೋಣ.

ಈಗ ಕಾಗೋಡಿಗೆ ಬನ್ನಿ. 1951ರ ಸತ್ಯಾಗ್ರಹದ ಕಿಡಿ ಎಲ್ಲಿಂದ ಬಂತು? ಗೇಣಿ ಭತ್ತ ಅಳೆಯುವ ಕೊಳಗದಿಂದ. ಒಡೆಯರು ಗೇಣಿ ಅಳೆದುಕೊಳ್ಳಲು ದೊಡ್ಡ ಕೊಳಗ ಇಡುತ್ತಿದ್ದರು; ಅಳತೆ ನ್ಯಾಯವಾಗಿರಲಿ ಎಂದು ದೀವರ ಸಮುದಾಯದ ಗೇಣಿದಾರರು ಕೇಳಿದರು. ರೈತ ಮುಖಂಡ ಗಣಪತಿಯಪ್ಪನವರು ಮುಂದೆ ನಿಂತರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಬಂದರು. ಎಲ್ಲಿಯದೋ ಉತ್ತರ ಪ್ರದೇಶದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

ಕಡಿಮೆ ಸಿಕ್ಕಿದ ಮಂಗ ಸಿಟ್ಟಾಗುತ್ತದೆ, ಸರಿ. ಕಾಗೋಡಿನ ರೈತನ ಸಿಟ್ಟಿನಲ್ಲೂ ಆ ಹಳೆಯ ಸಂಕಟ ಇದ್ದಿರಬೇಕು. ಆದರೆ ಲೋಹಿಯಾಗೆ ಯಾವ ಕೊಳಗದಲ್ಲಿ ಏನು ನಷ್ಟವಾಗಿತ್ತು? ಅವರ ರಕ್ತಸಂಬಂಧಿಗಳಲ್ಲ, ಊರವರಲ್ಲ, ಭಾಷೆಯವರೂ ಅಲ್ಲ. ಇನ್ನೂ ಒಂದು ಮಾತು. ರೈತರು ಕೇಳಿದ್ದು 'ನನಗೆ ಜಾಸ್ತಿ ಕೊಡು' ಎಂದಲ್ಲ, 'ಅಳತೆ ಒಂದೇ ಇರಲಿ' ಎಂದು. ಅದೇ ಒಡೆಯರು ಪೇಟೆಗೆ ಹೋಗಿ ಅಡಿಕೆ ತೂಗಿಸುವಾಗ ತಕ್ಕಡಿ ನೆಟ್ಟಗಿರಬೇಕು ಎಂದು ಕೇಳುತ್ತಿರಲಿಲ್ಲವೇ? ತನಗೆ ಬೇಕಾದ ನ್ಯಾಯವನ್ನೇ ಎದುರಿನವನು ಕೇಳಿದಾಗ ಕೊಡಲಾರೆ ಎನ್ನುವವನಿಗೆ ಹೇಳಿಕೊಳ್ಳಲು ಯಾವ ಕಾರಣವೂ ಉಳಿಯುವುದಿಲ್ಲ. ಮಂಗನ ಸಿಟ್ಟಿನಲ್ಲಿ ಇಲ್ಲದ್ದು ಈ 'ಕಾರಣ ಕೇಳುವ' ಕೆಲಸ. ವಿಕಾಸ ಸಂಕಟವನ್ನು ಕೊಟ್ಟಿತು ಎಂದು ನಂಬುತ್ತೇನೆ. ಅಳತೆ ಒಂದೇ ಇರಲಿ ಎಂಬ ನಿಯಮಕ್ಕೆ ಮನುಷ್ಯರು ಕೂತು ಮಾತಾಡಬೇಕಾಯಿತು, ಜೈಲಿಗೆ ಹೋಗಬೇಕಾಯಿತು. ಮುಂದೆ 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿಯ ಬುಡಕ್ಕೇ ಪೆಟ್ಟು ಬಿತ್ತು.


ಕಡಜದ ಗೂಡು (ಶಂಕರಘಟ್ಟ):

ಮೇಷ್ಟ್ರಿಗೆ ನಮಸ್ಕಾರ. ನಾನು ಜೀವಶಾಸ್ತ್ರ ಓದುತ್ತಿರುವವಳು. ಒಂದು ಗೊಂದಲ ತಿಳಿಯಾಗದಿದ್ದರೆ ಚರ್ಚೆ ಮುಂದೆ ಹಾಳಾಗುತ್ತದೆ ಅನಿಸಿ ಬರೆಯುತ್ತಿದ್ದೇನೆ.

'ವಂಶವಾಹಿಗಳ ಸ್ವಾರ್ಥ' ಅಂದ ತಕ್ಷಣ ಜನ ನಮ್ಮ ಪ್ರೀತಿಯ ಹಿಂದೆ ಗುಟ್ಟಾದ ಲೆಕ್ಕಾಚಾರವಿದೆ ಅಂದ್ಕೊಳ್ತಾರೆ. ಹಾಗಿಲ್ಲ. ಒಂದು ವರ್ತನೆ ತಲೆಮಾರುಗಳಲ್ಲಿ ಏಕೆ ಹರಡಿತು ಅನ್ನೋದು ಒಂದು ಪ್ರಶ್ನೆ. ಈಗ ಈ ಜೀವಿ ಯಾಕೆ ಹಾಗೆ ಮಾಡ್ತಿದೆ ಅನ್ನೋದು ಬೇರೆ ಪ್ರಶ್ನೆ. ಜೀವವಿಜ್ಞಾನಿ ವಿಲಿಯಂ ಹ್ಯಾಮಿಲ್ಟನ್ 1964ರಲ್ಲಿ ಕೊಟ್ಟ ನಿಯಮ ಮೊದಲ ಪ್ರಶ್ನೆಗೆ ಉತ್ತರ: ಸಹಾಯ ಪಡೆದವರಿಗೆ ಆಗುವ ಲಾಭವನ್ನು ರಕ್ತಸಂಬಂಧದ ಪ್ರಮಾಣದಿಂದ ಗುಣಿಸಿದಾಗ, ಅದು ಸಹಾಯ ಮಾಡಿದವರ ನಷ್ಟಕ್ಕಿಂತ ಹೆಚ್ಚಿದ್ದರೆ ಆ ಗುಣ ಹರಡಬಹುದು. ಜೆ.ಬಿ.ಎಸ್. ಹಾಲ್ಡೇನ್ ಅದಕ್ಕೂ ಮೊದಲೇ ಈ ದಿಕ್ಕಿನಲ್ಲಿ ಯೋಚಿಸಿದ್ದರು. ತಾಯಿ ಮಗುವಿಗೆ ಹಾಲು ಕೊಡುವಾಗ ಈ ಗುಣಾಕಾರ ಎಲ್ಲಿದೆ? ಅವಳಲ್ಲಿರೋದು ಮಗುವಿನ ಮೇಲಿನ ಪ್ರೀತಿ, ಅಷ್ಟೇ. ಪ್ರೀತಿ ಬೆಳೆದು ಬಂದ ಕಾರಣವನ್ನು ಪ್ರೀತಿಯ ಉದ್ದೇಶ ಅಂದುಕೊಳ್ಳಬಾರದು.

ರಕ್ತಸಂಬಂಧವೊಂದರಲ್ಲೇ ಎಲ್ಲ ಮುಗಿಯೋದೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಅಧ್ಯಯನ ಮಾಡಿದ ರೋಪಾಲಿಡಿಯಾ ಮಾರ್ಜಿನೇಟಾ ಅನ್ನೋ ಕಡಜ ನಮ್ಮ ಕಡೆಯ ಮನೆ ಸೂರಿನಡಿಯಲ್ಲೂ ಗೂಡು ಕಟ್ಟುತ್ತೆ. ಅದರಲ್ಲಿ ರಾಣಿಗೂ ಕೆಲಸಗಾರರಿಗೂ ಮೈಕಟ್ಟಿನಲ್ಲಿ ವ್ಯತ್ಯಾಸ ಇಲ್ಲ. ಯಾವ ಹೆಣ್ಣು ಕಡಜವೂ ಒಂಟಿಯಾಗಿ ಹೊಸ ಗೂಡು ಕಟ್ಟಬಹುದು, ಬೇರೆಯವರ ಗೂಡಿನಲ್ಲಿ ದುಡಿಯಬಹುದು, ರಾಣಿ ಇಲ್ಲವಾದಾಗ ಅವರಲ್ಲೇ ಒಬ್ಬಳು ರಾಣಿಯೂ ಆಗಬಹುದು. ರಾಣಿ ಹಲವು ಗಂಡುಗಳ ಜೊತೆ ಕೂಡೋದರಿಂದ ಗೂಡಿನವರ ನಡುವಿನ ರಕ್ತಸಂಬಂಧ ಹ್ಯಾಮಿಲ್ಟನ್ ಸಿದ್ಧಾಂತದ ಮೊದಲ ಲೆಕ್ಕಕ್ಕಿಂತ ಕಡಿಮೆ. ಆದರೂ ದುಡೀತಾವೆ. ಒಂಟಿಯಾದವಳು ಮರಿಗಳು ಬೆಳೆಯೋ ಮೊದಲೇ ಸತ್ತರೆ ಎಲ್ಲಾ ವ್ಯರ್ಥ, ಗುಂಪಿನಲ್ಲಿ ಹಾಗಾಗಲ್ಲ. ಸಹಕಾರಕ್ಕೆ ಪ್ರಕೃತಿಯಲ್ಲಿ ಹಲವು ದಾರಿಗಳಿವೆ.

ಕುವೆಂಪು ಅವರ ವಿಶ್ವಮಾನವ ವಿಚಾರವನ್ನೂ ಇಲ್ಲಿ ಕೇಳಲೇಬೇಕು. ಮಗು ಹುಟ್ಟುವಾಗ ವಿಶ್ವಮಾನವ, ಬೆಳೀತಾ ನಾವು ಅದನ್ನು ಜಾತಿ ಮತಗಳಿಗೆ ಕಟ್ಟಿಹಾಕ್ತೇವೆ ಅಂದರು ಅವರು. ಅರ್ಧ ನಿಜ ಅಂತ ನನಗನಿಸೋದು. ಫೆಲಿಕ್ಸ್ ವಾರ್ನೆಕನ್, ಮೈಕೆಲ್ ಟೊಮಾಸೆಲೊ 2006ರಲ್ಲಿ ತೋರಿಸಿದ್ದು: ಹದಿನೆಂಟು ತಿಂಗಳ ಮಕ್ಕಳು, ಪರಿಚಯವಿಲ್ಲದವರ ಕೈಯಿಂದ ಬಿದ್ದದ್ದನ್ನೂ ಯಾರೂ ಹೇಳದೆ ಎತ್ತಿಕೊಡ್ತವೆ. ಇನ್ನೊಂದು ಕಡೆ, 2007ರ ಒಂದು ಅಧ್ಯಯನದಲ್ಲಿ ಹತ್ತು ತಿಂಗಳ ಮಕ್ಕಳು ಮನೆಮಾತು ಆಡಿದವರಿಂದಲೇ ಆಟಿಕೆ ತಗೊಳ್ಳೋದಕ್ಕೆ ಒಲವು ತೋರಿಸಿದವು. ಜಾತಿ ಅನ್ನೋದು ಹುಟ್ಟಿನಿಂದ ಬರಲ್ಲ, ನಾವೇ ಕಲಿಸೋದು. ಆದರೆ ನಮ್ಮವರು ಯಾರು ಅಂತ ಹುಡುಕೋ ಕಣ್ಣು ಬಹಳ ಬೇಗ ತೆರೆಯುತ್ತೆ, ಜಾತಿಯನ್ನು ಕಲಿಸೋದು ಅಷ್ಟು ಸುಲಭವಾಗಿರೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ.


ಮೂಲೆಗದ್ದೆ (ಹೊಸನಗರ):

ತಿರುಗಿ ಕೊಡುವ ಮಾತು ಬಂದದ್ದಕ್ಕೆ ಒಂದಿಷ್ಟು. ರಾಬರ್ಟ್ ಟ್ರಿವರ್ಸ್ 1971ರಲ್ಲಿ ಬರೆದ ಪರಸ್ಪರ ಉಪಕಾರದ ಸಿದ್ಧಾಂತ ಓದಿದಾಗ ನನಗೆ ಕಂಡದ್ದು ನಮ್ಮ ಮುಯ್ಯಾಳು. ಇವತ್ತು ನಿಮ್ಮ ಗದ್ದೆ ನಟ್ಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಬರದೇ ಕೈಕೊಟ್ಟವನನ್ನು ಊರು ನೆನಪಿಟ್ಟುಕೊಳ್ಳುತ್ತಿತ್ತು, ಅದಕ್ಕೇ ಪದ್ಧತಿ ನಡೆಯುತ್ತಿತ್ತು. ಕೋಸ್ಟರಿಕಾದ ರಕ್ತ ಹೀರುವ ಬಾವಲಿಗಳಲ್ಲೂ ಇಂಥದ್ದೇ ಇದೆಯಂತೆ, ಹಸಿದ ಬಾವಲಿಗೆ ಇನ್ನೊಂದು ತಾನು ಕುಡಿದದ್ದನ್ನು ಕಕ್ಕಿ ಕೊಡುವುದನ್ನು ಜೆರಾಲ್ಡ್ ವಿಲ್ಕಿನ್ಸನ್ 1984ರಲ್ಲಿ ವರದಿ ಮಾಡಿದರು.

ಆದರೆ ಮುಯ್ಯಾಳನ್ನು ಹೊಗಳಿ ಹಾಡುವವರಿಗೆ ಒಂದು ಮಾತು ಹೇಳಲೇಬೇಕು. ಗದ್ದೆ ಇದ್ದವರು ಗದ್ದೆ ಇದ್ದವರಿಗೆ ಮುಯ್ಯಿ ಮಾಡುತ್ತಿದ್ದರು. ಗದ್ದೆಯೇ ಇಲ್ಲದವನಿಗೆ ಏನು ಮುಯ್ಯಿ? ಅವನು ಕೂಲಿ. ಕಾಲು ಮುರಿದುಕೊಂಡು ಮಲಗಿದ ವಿಧವೆಯ ಮನೆಯ ನಟ್ಟಿಯನ್ನು ಊರವರೇ ಮುಗಿಸಿಕೊಟ್ಟ ಸಂಗತಿಗಳೂ ನಮ್ಮಲ್ಲಿವೆ. ಆಕೆಯಿಂದ ತಿರುಗಿ ಬರುವುದು ಏನೂ ಇರಲಿಲ್ಲ. ಹಾಗಾಗಿ ಮುಯ್ಯಿಯ ಲೆಕ್ಕ ಒಂದು, ಅದರಾಚೆಗಿನ ಮನುಷ್ಯತ್ವ ಇನ್ನೊಂದು ಎಂದು ನನಗೆ ತೋರುತ್ತದೆ.


ಕಾನುಗದ್ದೆ (ಸೊರಬ):

ಮೂಲೆಗದ್ದೆಯವರೇ, ವಿಧವೆಗೆ ಸಹಾಯ ಮಾಡಿದವರಿಗೆ ಊರಿನಲ್ಲಿ ಒಳ್ಳೆಯ ಹೆಸರು ಬರುತ್ತದೆ, ಹೆಸರು ಇನ್ನೊಂದು ದಾರಿಯಿಂದ ಲಾಭ ತರುತ್ತದೆ ಎಂದು ಸಿದ್ಧಾಂತಿಗಳು ಹೇಳುತ್ತಾರೆ. ಆದರೆ ಕಡಜದ ಗೂಡು ಅವರ ಮಾತನ್ನು ಒಪ್ಪಿಯೇ ಹೇಳುತ್ತೇನೆ, ಆ ಲಾಭ ನಟ್ಟಿ ಮಾಡಿದವರ ಮನಸ್ಸಿನಲ್ಲಿ ಇದ್ದಿರಬೇಕಾಗಿಲ್ಲ. ನನ್ನ ತಕರಾರು ಅವರ ಪ್ರಾಮಾಣಿಕತೆಯ ಬಗ್ಗೆ ಅಲ್ಲ.

ಮೇಷ್ಟ್ರಿಗೆ ನನ್ನ ಪ್ರಶ್ನೆ ಇದು. 'ಕಾರಣ ಕೇಳುವುದು' ಎಂದಿರಿ. ಕಾರಣಗಳ ಸರಪಳಿ ಎಲ್ಲಿಂದಾದರೂ ಶುರುವಾಗಬೇಕಲ್ಲ? ಅಳತೆ ಒಂದೇ ಇರಲಿ ಎನ್ನುವುದಕ್ಕೆ ಹಿಂದೆ, ನೋವು ಕೆಟ್ಟದ್ದು, ನನ್ನಂತೆಯೇ ಅವನು ಎಂಬ ಮೌಲ್ಯಗಳಿವೆ. ಅವೂ ವಿಕಾಸದ ಕೊಡುಗೆಯೇ. ಕಲಬೆರಕೆ ಬಾವಿಯ ನೀರನ್ನು ಅದೇ ಬಾವಿಯ ನೀರಿನಿಂದ ತೊಳೆಯಲಾಗದು.


ತುಂಗಾತೀರ (ತೀರ್ಥಹಳ್ಳಿ):

ಕಾನುಗದ್ದೆಯವರೇ, ನಿಮ್ಮ ಎರಡೂ ಪ್ರಶ್ನೆಗೆ ಒಟ್ಟಿಗೇ ಉತ್ತರಿಸುವ ಪ್ರಯತ್ನ ಮಾಡುತ್ತೇನೆ.

ನಮ್ಮ ಎಣಿಸುವ ಶಕ್ತಿಯೂ ವಿಕಾಸದ್ದೇ. ಎರಡು ಹಣ್ಣೋ ಮೂರು ಹಣ್ಣೋ, ಗುಹೆಯೊಳಗೆ ಹೋದ ಪ್ರಾಣಿ ಒಂದೋ ಎರಡೋ ಎಂಬಷ್ಟಕ್ಕೆ ಬೆಳೆದದ್ದು. ಅಲ್ಲಿಂದ ಹೊರಟು ಮನುಷ್ಯ ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂದು ಸಾಧಿಸಿದ. ಯಾವ ಬೇಟೆಗಾರನಿಗೂ ಅದರಿಂದ ಮಕ್ಕಳು ಹೆಚ್ಚಲಿಲ್ಲ. ಸಣ್ಣ ಕೆಲಸಕ್ಕಾಗಿ ಬಂದ ಸಾಮರ್ಥ್ಯ, ಒಮ್ಮೆ ಬಂದ ಮೇಲೆ ತನ್ನದೇ ನಿಯಮ ಹಿಡಿದು ದೂರ ಹೋಗಬಲ್ಲದು. ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್ 1981ರಲ್ಲಿ ನೀತಿಯ ಬಗ್ಗೆ ಇದೇ ಜಾಡಿನ ವಾದ ಮಾಡಿದರು: ಗುಂಪಿನೊಳಗೆ ನನ್ನ ನಡತೆಗೆ ಎಲ್ಲರೂ ಒಪ್ಪುವ ಕಾರಣ ಕೊಡಲು ಶುರುಮಾಡಿದವನು, 'ಅವನು ನಮ್ಮವನಲ್ಲ' ಎಂಬುದು ಏಕೆ ಕಾರಣವಾಗಬೇಕು ಎಂಬ ಪ್ರಶ್ನೆಯನ್ನು ಬಹಳ ದಿನ ತಪ್ಪಿಸಿಕೊಳ್ಳಲಾರ.

ಹೊರಗಿನವನನ್ನು ಕಂಡರೆ ಬರುವ ತಿರಸ್ಕಾರಕ್ಕೆ ಚರಿತ್ರೆಯ ವಿವರಣೆ ಬಿಟ್ಟರೆ ಬೇರೆ ಆಸರೆ ಇಲ್ಲ. ವಿವರಣೆ ಸಿಕ್ಕಿತು ಅಂದರೆ ಅದರ ಕಾಲು ಮುರಿಯಿತು. ನೋವು ಕೆಟ್ಟದ್ದು ಎಂಬುದರ ಕತೆ ಬೇರೆ. ನೋವು ಅನುಭವಿಸುವಾಗ ಅದು ಕೆಟ್ಟದ್ದು ಎಂದು ತಿಳಿಯಲು ನನಗೆ ಸಿದ್ಧಾಂತ ಬೇಕಾಗಿಲ್ಲ; ಅದು ಎದುರಿಗೇ ಇದೆ. ಒಂದು ಕಡೆ ಅನುಭವದ ಸಾಕ್ಷಿ ಉಳಿಯುತ್ತದೆ, ಇನ್ನೊಂದು ಕಡೆ ಏನೂ ಉಳಿಯುವುದಿಲ್ಲ. ಅನುಮಾನ ಎಲ್ಲದರ ಮೇಲೂ ಸಮನಾಗಿ ಬೀಳುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ.


ಮಳೆನಾಡಿನವಳು (ಕೊಪ್ಪ):

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ತುಂಗಾತೀರ ಅವರ 'ಕಾಲು ಮುರಿಯಿತು' ಅನ್ನೋ ಮಾತು ಓದಿದ ಮೇಲೆ ಬರೆಯದೇ ಇರಲಾಗಲಿಲ್ಲ.

ನೀವೆಲ್ಲ ಕರುಣೆ, ನ್ಯಾಯದ ಬಗ್ಗೆ ಮಾತಾಡಿದ್ರಿ. ಅಸಹ್ಯದ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಕಡೆಯ ನೀತಿಯಲ್ಲಿ ಅರ್ಧಕ್ಕರ್ಧ ಅಸಹ್ಯದ್ದೇ ಆಡಳಿತ. ಮೈಲಿಗೆ, ಮಡಿ, ಮುಟ್ಟು, ಎಂಜಲು, ಯಾರ ಲೋಟ ಯಾರು ಮುಟ್ಟಬಾರದು. ತಿಂಗಳ ಆ ದಿನಗಳಲ್ಲಿ ಜಗುಲಿಯ ಮೂಲೆಯಲ್ಲೋ ಹಿಂದಿನ ಕೊಟ್ಟಿಗೆಯ ಪಕ್ಕದಲ್ಲೋ ಚಾಪೆ, ತಟ್ಟೆ, ಲೋಟ ಬೇರೆ ಇಟ್ಟುಕೊಂಡು 'ಹೊರಗೆ ಕೂತ' ಹೆಣ್ಣುಮಕ್ಕಳಿಗೆ ಇದು ಗೊತ್ತು. ತೋಟದ ಕೆಲಸಕ್ಕೆ ಬಂದವರಿಗೆ ಅಂಗಳದ ಅಂಚಿನಲ್ಲಿ ಎತ್ತರದಿಂದ ನೀರು ಹೊಯ್ದದ್ದನ್ನು ಕಂಡವರಿಗೂ ಗೊತ್ತು. ಯಾಕೆ ಅಂತ ಕೇಳಿದರೆ ಕಾರಣ ಬರ್ತಿರಲಿಲ್ಲ. ಮುಖ ಸಿಂಡರಿಸಿ 'ಶೀ' ಅನ್ನೋದೇ ಉತ್ತರ. ಆ 'ಶೀ' ಎಷ್ಟು ಗಟ್ಟಿ ಅಂದರೆ, ಹೇಳುವವರಿಗೆ ಅದು ಧರ್ಮದ ದನಿಯೇ ಅನಿಸ್ತಿತ್ತು.

ಕೊಳೆತದ್ದು, ಮಲ, ಹುಣ್ಣು, ಇಂಥವುಗಳಿಂದ ದೂರ ಇಟ್ಟು ರೋಗದಿಂದ ಕಾಪಾಡೋದಕ್ಕೆ ಅಸಹ್ಯ ಬೆಳೆಯಿತು ಅಂತ ಈ ವಿಷಯ ಓದಿದ ಬಹಳ ವಿಜ್ಞಾನಿಗಳು ಹೇಳ್ತಾರೆ. ರೋಗದ ಭಯ ಏನು ಅಂತ ಮಲೆನಾಡಿನವರಿಗೆ ಹೇಳಿಕೊಡಬೇಕಾ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಮಂಗನ ಕಾಯಿಲೆ ಗುರುತಾದಾಗಿನಿಂದ ಸತ್ತ ಮಂಗ ಅಂದರೆ ನಾವು ಹೆದರ್ತೇವೆ. ಹೆದರಲೇಬೇಕು, ಅಲ್ಲಿಂದ ರೋಗ ಹರಡುವ ಉಣುಗು ಹತ್ತುತ್ತೆ. ಆದರೆ ಅದೇ ಭಾವ ರೋಗವೇ ಇಲ್ಲದ ಹೆಣ್ಣಿನ ಮೈಮೇಲೆ, ಕೆಲಸದವರ ಕೈಮೇಲೆ ಹತ್ತಿ ಕೂತು, ನೀತಿಯ ಹೆಸರು ಹೇಳಿಕೊಂಡು ಆಳುತ್ತಲ್ಲ, ಅದು ಅನ್ಯಾಯ. ಆ ಭಾವ ಯಾವ ಕೆಲಸಕ್ಕೆ ಬಂದದ್ದು ಅಂತ ತಿಳಿದ ದಿನ ನನಗೆ ದೊಡ್ಡ ಬಿಡುಗಡೆ ಆಯಿತು. 'ಇಷ್ಟು ಜನಕ್ಕೆ ಇಷ್ಟು ಗಟ್ಟಿಯಾಗಿ ಅನಿಸೋದು ಸುಳ್ಳಾಗಿರಲಿಕ್ಕಿಲ್ಲ' ಅನ್ನೋ ಅಳುಕು ಹೋಯಿತು. ಕಾನುಗದ್ದೆ ಅಣ್ಣ, ನಿಮ್ಮ ವಾದ ಎಲ್ಲವನ್ನೂ ಒಂದೇ ಸಲಕ್ಕೆ ಕೆಡವಿದರೆ ನನ್ನ ಈ ಬಿಡುಗಡೆಯನ್ನೂ ಕೆಡವುತ್ತೆ. ಆ ಮಡಿ ತಪ್ಪು ಅಂತ ಹೇಳಲು ನನಗೆ ನೆಲ ಬೇಕು.


ಕಾನುಗದ್ದೆ (ಸೊರಬ):

ತಂಗೀ, ನೆಲ ಕಸಿಯುವುದು ನನ್ನ ಉದ್ದೇಶವಲ್ಲ. ಸ್ಟ್ರೀಟ್ ಅವರ ವಾದ 'ಯಾವುದೂ ತಪ್ಪಲ್ಲ' ಎಂದು ಮುಗಿಯುವುದಿಲ್ಲ. ಮೌಲ್ಯಗಳು ನಕ್ಷತ್ರಗಳ ಹಾಗೆ ನಮ್ಮಿಂದ ಬೇರೆಯಾಗಿ ಎಲ್ಲೋ ಇಲ್ಲ, ಬೆಲೆ ಕೊಡುವ ಜೀವಿಗಳು ಇರುವುದರಿಂದ ಬೆಲೆ ಇದೆ ಎನ್ನುವುದು ಅವರ ನಿಲುವು, ನನ್ನದೂ ಅದೇ. ಹಾಗಾದರೆ ಮಡಿ ಏಕೆ ತಪ್ಪು? ಅದನ್ನು ಆಚರಿಸುವವರೇ ತಾವು ನಿಜವಾಗಿ ಬೆಲೆ ಕೊಡುವ ಸಂಗತಿಗಳ ಜೊತೆ, ಮಗಳ ಸುಖದ ಜೊತೆ, ಮನುಷ್ಯರ ಘನತೆಯ ಜೊತೆ ಇಟ್ಟು ನೋಡಿದರೆ ಅದು ನಿಲ್ಲುವುದಿಲ್ಲ. ಮೇಷ್ಟ್ರು ಹೇಳಿದ ಕೊಳಗದ ವಾದವೂ ಒಳಗಿನಿಂದಲೇ ನಡೆಯುವುದು. ನನಗೂ ತುಂಗಾತೀರರಿಗೂ ಇರುವ ಭಿನ್ನಾಭಿಪ್ರಾಯ ಇಲ್ಲಿ: ಯಾವ ಮೌಲ್ಯದ ಜೊತೆಗೂ ತಿಕ್ಕಾಟವೇ ಇಲ್ಲದೆ, ಪೂರ್ತಿ ಸುಸಂಗತವಾಗಿ ಕ್ರೂರನಾದ ಒಬ್ಬನಿದ್ದರೆ ಅವನಿಗೆ 'ನೀನು ತಪ್ಪು ತಿಳಿದಿದ್ದೀಯ' ಎಂದು ಅವರು ಹೇಳಬಲ್ಲರು, ನಾನು ಹೇಳಲಾರೆ. ತಡೆಯಬಲ್ಲೆ, ತಡೆಯುತ್ತೇನೆ ಕೂಡ.


ಶರಾವತಿ ಕಣಿವೆ (ಸಾಗರ):

ಅಂಥವನನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ ಮಾರಾಯರೇ. ಎಂಥ ಕ್ರೂರಿಯೂ ತನಗೆ ಅನ್ಯಾಯವಾದಾಗ 'ಇದು ಅನ್ಯಾಯ' ಎಂದೇ ಕೂಗುತ್ತಾನೆ. ಆ ಕೂಗಿನಲ್ಲೇ ಅವನು ಸಿಕ್ಕಿಬಿದ್ದ.


ಕಡಜದ ಗೂಡು (ಶಂಕರಘಟ್ಟ):

ಮೇಷ್ಟ್ರೇ, ಅದು ಮನುಷ್ಯರ ವಿಷಯದಲ್ಲಿ ಸರಿ. ಆದರೆ ಡಾರ್ವಿನ್ನನ ಜೇನುನೊಣದ ಉದಾಹರಣೆ ಇರೋದು ಕಾನುಗದ್ದೆಯವರು ಹೇಳಿದ ಜಾಗದಲ್ಲೇ ಅಲ್ವಾ? ಬುದ್ಧಿ ಬಂದ ಜೇನುನೊಣಕ್ಕೆ ನೀವು ಹೇಗೆ ಉತ್ತರ ಕೊಡ್ತೀರಿ? ನನಗೆ ಅನಿಸೋದು: ಕೊಲ್ಲಲ್ಪಡುವ ಗಂಡುನೊಣಕ್ಕೂ ಬುದ್ಧಿ ಬಂದಿರುತ್ತಲ್ಲ. ಅದು 'ಯಾಕೆ?' ಅಂತ ಕೇಳಿದ ಕ್ಷಣ ಅಲ್ಲೂ ಕಾಗೋಡು ಶುರುವಾಗುತ್ತೆ.


ಮೂಲೆಗದ್ದೆ (ಹೊಸನಗರ):

ವರ್ತುಲ ದೊಡ್ಡದಾಗಬೇಕು ಎಂದು ಎಲ್ಲರೂ ಒಪ್ಪಿದ ಹಾಗಿದೆ. ಹಾಗಾದರೆ ನನ್ನ ದಿನನಿತ್ಯದ ಸಮಸ್ಯೆ ಕೇಳುತ್ತೇನೆ, ಯಾಕೆಂದರೆ ಇಲ್ಲಿ ನಿಂತೇ ನಾನು ಇದನ್ನೆಲ್ಲ ಯೋಚಿಸಬೇಕಾಗಿದೆ.

ತೋಟಕ್ಕೆ ಮಂಗ ಬರುತ್ತವೆ. ಎಳೆ ಅಡಿಕೆ ಉದುರಿಸುತ್ತವೆ, ಬಾಳೆ ಉಳಿಸುವುದಿಲ್ಲ, ಏಲಕ್ಕಿ ಮುಗಿಸುತ್ತವೆ. ಮರಿ ಅವುಚಿಕೊಂಡ ತಾಯಿ ಮಂಗ ಕಂಡರೆ ಕವಣೆ ಎತ್ತಿದ ಕೈ ಕೆಳಗಿಳಿಯುತ್ತದೆ. ಆ ಕರುಣೆ ನಮ್ಮ ಶಿಶುಗಳಿಗಾಗಿ ಬೆಳೆದದ್ದು ಮಂಗನ ಮರಿಯ ಮೇಲೆ ಹರಿಯುತ್ತಿದೆ ಎಂದು ನೀವು ಹೇಳಬಹುದು. ಆದರೆ ಕೀಟನಾಶಕದಲ್ಲಿ ಸಾಯುವ ಹುಳಹುಪ್ಪಟೆಗಾಗಿ ನನ್ನ ಕೈ ಒಮ್ಮೆಯೂ ಇಳಿದಿಲ್ಲ. ತುಂಗಾತೀರ ಅವರ ಪ್ರಕಾರ ಇದರಲ್ಲಿ ಯಾವ ಭಾವನೆ ನಂಬಬೇಕು?


ತುಂಗಾತೀರ (ತೀರ್ಥಹಳ್ಳಿ):

ಕರುಣೆ ಎಲ್ಲಿ ಹುಟ್ಟಿತು ಎಂಬುದು ಇಲ್ಲಿ ಅದರ ವಿರುದ್ಧ ಸಾಕ್ಷಿಯಲ್ಲ. ಮಂಗಕ್ಕೆ ನೋವಾಗುತ್ತದೆ ಎಂಬುದು ನಿಜ, ಆ ಭಾವ ನಿಜವನ್ನು ಕಂಡಿದೆ. ನಂಬಬಾರದ್ದು ಅದರ ಅಳತೆಯನ್ನು: ಮುದ್ದಾಗಿ ಕಂಡದ್ದಕ್ಕೆ ಹೆಚ್ಚು, ಕಾಣದ್ದಕ್ಕೆ ಸೊನ್ನೆ ಎನ್ನುವುದನ್ನು. ಹುಳಕ್ಕೆ ನೋವು ಇದೆಯೋ ಇಲ್ಲವೋ ಎಂಬುದನ್ನು ನನ್ನ ಕನಿಕರ ಹೇಳಲಾರದು, ನರಮಂಡಲದ ಅಧ್ಯಯನ ಹೇಳಬೇಕು. ಮಂಗಕ್ಕೆ ವಿಷ ಇಡುವುದು ತಪ್ಪು, ಇಡೀ ಊರಿಗೆ ಅದು ತಪ್ಪೆನಿಸದಿದ್ದರೂ ತಪ್ಪು. ಓಡಿಸುವುದು ತಪ್ಪಲ್ಲ.


ಮೂಲೆಗದ್ದೆ (ಹೊಸನಗರ):

ವಿಷದ ಮಾತು ಒಪ್ಪಿದೆ. ನಾನು ಎಂದೂ ಇಟ್ಟವನಲ್ಲ, ಇಡುವುದೂ ಇಲ್ಲ. ಆದರೆ ಒಂದು ಪ್ರಶ್ನೆ ಉಳಿಯಿತು. ವರ್ತುಲ ದೊಡ್ಡದು ಮಾಡಿದ ಖರ್ಚು ಯಾರದ್ದು? ಕಾಡಂಚಿನಲ್ಲಿ ಅರ್ಧ ಎಕರೆ ತೋಟ ಇದ್ದವನ ಫಸಲು ಹೋಗುತ್ತದೆ. ಪೇಟೆಯಲ್ಲಿ ಕೂತು ಮಂಗನ ಬಗ್ಗೆ ಕನಿಕರಿಸುವವರಿಗೆ ಒಂದು ಬಾಳೆಗೊನೆಯೂ ಹೋಗುವುದಿಲ್ಲ. ಮೇಷ್ಟ್ರು ಹೇಳಿದರಲ್ಲ, ಅಳತೆ ಒಂದೇ ಇರಬೇಕು ಎಂದು. ಕರುಣೆ ಎಲ್ಲರದ್ದೂ ಹೌದಾದರೆ ನಷ್ಟವನ್ನೂ ಎಲ್ಲರೂ ಹಂಚಿಕೊಳ್ಳಬೇಕು. ಇದಕ್ಕೆ ತತ್ವಶಾಸ್ತ್ರ ಓದಿದವರು ಏನು ಹೇಳುತ್ತೀರಿ ಎಂದು ನಾನು ನಿಜವಾಗಿ ಕೇಳುತ್ತಿದ್ದೇನೆ, ಕಾಯುತ್ತೇನೆ.